ಮುರಿಯದ ಕಾಲಿಗೆ ಪ್ಲಾಸ್ಟರು

ಸಿಸ್ಟರ್ ತೀರಿಕೊಂಡರು ಎಂದು ಹಾನಗಲ್ಲಿನಿಂದ ಅವರ ತಮ್ಮನ ಸೊಸೆ ಫೋನು ಮಾಡಿದಾಗ ನಾನು ಕಾಲಿನ ಉಗುರು ತೆಗೆಯುತ್ತ ಕೂತಿದ್ದೆ. ನೇರವಾಗಿ ತೆಗೆಯುತ್ತಿದ್ದೆ, ಮೂಲೆಗಳನ್ನು ದುಂಡಗೆ ಮಾಡದೆ. ಚಂದ ಕಾಣಲಿ ಎಂದು ಕಾಲುಗುರಿನ ಮೂಲೆ ಕೊರೆದರೆ ಅದು ಮಾಂಸದೊಳಗೆ ಹೊಕ್ಕು ಹಗೆ ಸಾಧಿಸುತ್ತದೆ ಎಂದು ನನಗೆ ಕಲಿಸಿದವರು ಅವರೇ. ಫೋನಿಟ್ಟು ಉಳಿದ ಉಗುರುಗಳನ್ನೂ ತೆಗೆದು ಮುಗಿಸಿದೆ. ಅರ್ಧಕ್ಕೆ ಬಿಟ್ಟು ಎದ್ದಿದ್ದರೆ ಸಿಸ್ಟರ್ ಬೈಯುತ್ತಿದ್ದರು.

ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರೂ ಪೇಟೆಯಲ್ಲಿ ಅವರನ್ನು ಕರೆಯುತ್ತಿದ್ದದ್ದು ‘ಪಾದದ ಸಿಸ್ಟರ್’ ಎಂದು. ಅಪ್ಪ ಅವ್ವ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಇಲ್ಲಿ ಬರೆದರೂ ಯಾರಿಗೂ ಗುರುತು ಹತ್ತಲಿಕ್ಕಿಲ್ಲ. ಎತ್ತರದ ಆಳು, ದೊಡ್ಡ ಗಂಟಲು, ಸೊಂಟಕ್ಕೆ ಬಿಗಿದು ಸಿಕ್ಕಿಸಿದ ಬಿಳಿ ಸೀರೆಯ ಸೆರಗು. ಅರ್ಧ ಆಯುಷ್ಯ ಶಿರಸಿಯಲ್ಲಿ ಕಳೆದರೂ ಮಾತು ಮಾತ್ರ ಹಾನಗಲ್ ದಾಟಿ ಈಚೆ ಬಂದಿರಲಿಲ್ಲ. ‘ಬರ್ರಿ, ಕುಂಡ್ರಿ’ ಎಂದು ಶುರುವಾದ ಮರ್ಯಾದೆ, ನಿಮ್ಮ ಕಾಲು ನೋಡಿದ ಮೇಲೆ ‘ಏನ ಮಾಡ್ಕೊಂಡೀಯೋ ಮಾರಾಯಾ ಇದನ್ನ’ ಎಂಬಲ್ಲಿಗೆ ಇಳಿಯುತ್ತಿತ್ತು. ಅಲ್ಲಿಗೆ ಇಳಿದರೆ ಚಿಂತೆಯಿಲ್ಲ, ಅವರು ನಿಮ್ಮ ಕಾಲನ್ನು ತಮ್ಮದು ಅಂದುಕೊಂಡರು ಎಂದೇ ಲೆಕ್ಕ.

ನನ್ನ ಅವರ ಪರಿಚಯ ಆದದ್ದು ತೊಂಬತ್ತರ ಆರಂಭದಲ್ಲಿ. ಸಿದ್ದಾಪುರದ ಹೈಸ್ಕೂಲೊಂದರಲ್ಲಿ ನನಗೆ ಆಗಷ್ಟೇ ನೌಕರಿ ಸಿಕ್ಕಿತ್ತು. ಮೊದಲ ಸಂಬಳ, ಹೊಸ ಹುರುಪು. ಚೂಪು ಮೂತಿಯ, ಹಿಮ್ಮಡಿ ಎತ್ತರದ ಒಂದು ಸ್ಯಾಂಡಲ್ ಕೊಂಡೆ. ಅದನ್ನು ಹಾಕಿಕೊಂಡು ಬಸ್ಸಿನಲ್ಲಿ ನಿಂತು ಹೋಗುವುದು, ತರಗತಿಯಲ್ಲಿ ನಿಂತು ಪಾಠ ಮಾಡುವುದು, ನಿಂತೇ ಮರಳಿ ಬರುವುದು. ಮಳೆಗಾಲ ಮುಗಿಯುವುದರೊಳಗೆ ಕಿರುಬೆರಳಿನ ಬದಿಯಲ್ಲಿ ಕಡಲೆಕಾಳಿನ ಗಾತ್ರದ ಆಣಿ ಎದ್ದಿತು. ಎಲ್ಲರೂ ಮಾಡುವಂತೆ ನಾನೂ ಬ್ಲೇಡು ತೆಗೆದುಕೊಂಡು ಹೆರೆದೆ. ಆಣಿ ಹೋಗಲಿಲ್ಲ, ರಕ್ತ ಬಂತು. ಕುಂಟುತ್ತ ಶಿರಸಿಯ ನಮ್ಮ ಡಾಕ್ಟರ ಬಳಿ ಹೋದರೆ ಅವರು ನನ್ನ ಮುಖ ಸಹ ಸರಿಯಾಗಿ ನೋಡದೆ, “ಅದು ನಮ್ಮ ಇಲಾಖೆ ಅಲ್ಲ, ಹಿಂದಿನ ಕೋಣೆಗೆ ಹೋಗಿ,” ಎಂದರು.

ಹಿಂದಿನ ಕೋಣೆಯಲ್ಲಿ ಸಿಸ್ಟರ್ ಒಂದು ಸಣ್ಣ ಮಣೆ ಮೇಲೆ ಕೂತಿದ್ದರು. ಎದುರಿಗೆ ರೋಗಿಗೊಂದು ಎತ್ತರದ ಕುರ್ಚಿ. ಸಿದ್ದಾಪುರದ ಟೀಚರು ಎಂದು ಹೇಳಿಕೊಂಡೆ.

“ಬರ್ರಿ ಅಕ್ಕೋರ. ಮುಖ ಆಮ್ಯಾಲ ನೋಡ್ತೀನಿ, ಮೊದ್ಲು ಕಾಲು ಕೊಡ್ರಿ.”

ಕೊಟ್ಟೆ. ನೋಡಿದರು. ಬ್ಲೇಡಿನ ಗಾಯ ಕಂಡಿತು.

“ಬಟಾಟಿ ಹೆರದಂಗ ಹೆರದೀಯಲ್ಲ ಯವ್ವಾ! ಮಕ್ಕಳಿಗೆ ಏನು ಕಲಸ್ತೀ ನೀ?”

ಆಮೇಲೆ ನೆಲದ ಮೇಲೆ ಹಳೇ ಪೇಪರು ಹಾಸಿ, ನನ್ನನ್ನು ಅದರ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದರು. ಆ ಗೆರೆಯ ಮೇಲೆ ನನ್ನ ಹೊಸ ಸ್ಯಾಂಡಲ್ ತಂದಿಟ್ಟರು. ಎರಡೂ ಬದಿಯಲ್ಲಿ ನನ್ನ ಪಾದ ಹೊರಗೇ ಉಳಿದಿತ್ತು. “ಪಾವಿನ್ಯಾಗ ಸೇರಕ್ಕಿ ತುಂಬಾಕ ಹೊಂಟಿಯಲ್ಲ,” ಎಂದು ಕೋಣೆ ಹಾರಿಹೋಗುವಂತೆ ನಕ್ಕರು. ನನಗೆ ಸಿಟ್ಟು ಬಂದಿತ್ತು. ಆದರೆ ಪೇಪರಿನ ಮೇಲಿನ ಗೆರೆ ನನ್ನ ಪಾದದ್ದೇ. ಆಣಿಯನ್ನು ಮೆತ್ತಗೆ ಮಾಡಿ, ಪದರ ಪದರವಾಗಿ ತೆಗೆದು, ಸುತ್ತ ಹತ್ತಿಯ ಬಳೆ ಮಾಡಿಟ್ಟು ಕಳಿಸಿದರು. ಅಗಲ ಬಾಯಿಯ ಚಪ್ಪಲಿ ಕೊಂಡೆ. ಆಣಿ ಮತ್ತೆ ಬರಲಿಲ್ಲ. ಸ್ಯಾಂಡಲ್ಲನ್ನು ನನ್ನ ತಂಗಿಗೆ ಕೊಟ್ಟೆ, ಅವಳು ಮುಂದಿನ ವರ್ಷ ಅದೇ ಕೋಣೆಯಲ್ಲಿ ಅದೇ ಕುರ್ಚಿಯ ಮೇಲೆ ಕೂತಳು.

ಸಿಸ್ಟರ್ ಈ ವಿದ್ಯೆ ಕಲಿತದ್ದು ಸರಕಾರದ ಕುಷ್ಠರೋಗ ವಿಭಾಗದಲ್ಲಿ. ಪ್ರಾಯದಲ್ಲಿ ಹಳ್ಳಿ ಹಳ್ಳಿ ಸುತ್ತಿ, ಯಾರ ಕೈಕಾಲಿಗೆ ಸ್ಪರ್ಶ ಹೋಗಿದೆ ಎಂದು ನೋಡಿ, ಗುಳಿಗೆ ಕೊಟ್ಟು, ಹುಣ್ಣು ತೊಳೆದು ಬರುತ್ತಿದ್ದರಂತೆ. ಕೆಲವು ಮನೆಗಳಲ್ಲಿ ಇವರಿಗೆ ಕುಡಿಯಲು ನೀರು ಸಹ ಕೊಡುತ್ತಿರಲಿಲ್ಲವಂತೆ. ಹೊಸ ಔಷಧಗಳು ಬಂದವು, ಆ ರೋಗ ಇಳಿಯುತ್ತ ಬಂತು, ಅಷ್ಟರಲ್ಲಿ ಇವರಿಗೂ ನಿವೃತ್ತಿ ಆಯಿತು. “ನಾವ ರೋಗ ಓಡಿಸಿದ್ವಿ, ಅದು ಹೋಗೂಮುಂದ ನಮ್ಮ ನೌಕರಿನೂ ಕರಕೊಂಡು ಹೋತು,” ಎನ್ನುತ್ತಿದ್ದರು. ಮನೆಯಲ್ಲಿ ಕೂತು ಹಪ್ಪಳ ಲಟ್ಟಿಸುವ ಹೆಂಗಸಲ್ಲ. ಆ ಹೊತ್ತಿಗೆ ನಮ್ಮ ಕಡೆ ಸಕ್ಕರೆ ಕಾಯಿಲೆ ಮನೆಮನೆಗೂ ಕಾಲಿಟ್ಟಿತ್ತು. ಕಾಯಿಲೆ ಬೇರೆಯಾದರೂ ಪಾದದ ಕತೆ ಒಂದೇ: ಸ್ಪರ್ಶ ಹೋಗುತ್ತದೆ, ಮುಳ್ಳು ಹೊಕ್ಕರೂ ಬೆಂಕಿ ತಾಗಿದರೂ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಹುಣ್ಣು ಎಲುಬಿನ ಹತ್ತಿರ ಹೋಗಿರುತ್ತದೆ. ಡಾಕ್ಟರು ಅದನ್ನು ಕಂಡೇ ಇವರನ್ನು ಕರೆದು ಹಿಂದಿನ ಕೋಣೆ ಕೊಟ್ಟದ್ದು. ಬುಧವಾರ ಸಿದ್ದಾಪುರ, ಶನಿವಾರ ಯಲ್ಲಾಪುರ, ಉಳಿದ ದಿನ ಶಿರಸಿ. ಬಸ್ಸಿನಲ್ಲಿ ಕಂಡಕ್ಟರನಿಗೆ ಟಿಕೆಟ್ಟಿನ ಮೊದಲು ಬೂಟು ಬಿಚ್ಚಲು ಹೇಳಿದ್ದನ್ನು ನಾನೇ ನೋಡಿದ್ದೇನೆ.

ವಿನಯ ಎಂಬುದು ಆ ಮಹಾತಾಯಿಗೆ ಗೊತ್ತೇ ಇರಲಿಲ್ಲ. “ಈ ಘಟ್ಟದ ಮ್ಯಾಲ ನನ್ನಂಗ ಕಾಲು ನೋಡವ್ರು ಇನ್ನೊಬ್ಬರು ಇದ್ರ ತೋರಸ್ರಿ, ನಾ ನಾಳಿನೇ ಬಾಗ್ಲಾ ಹಾಕ್ತೀನಿ,” ಎಂದು ಡಾಕ್ಟರ ಎದುರೇ ಹೇಳುವರು. ಡಾಕ್ಟರು ಒಮ್ಮೆ ಬೆಂಗಳೂರಿಗೆ ಯಾವುದೋ ಸಮ್ಮೇಳನಕ್ಕೆ ಹೋಗಿ ಬಂದು, ಹೊರದೇಶದಲ್ಲಿ ಪಾದಕ್ಕೇ ಬೇರೆ ಡಾಕ್ಟರು ಇರುತ್ತಾರೆ, ಅವರಿಗೆ ಪೊಡಿಯಾಟ್ರಿಸ್ಟ್ ಎನ್ನುತ್ತಾರೆ, ಅದಕ್ಕೆ ವರ್ಷಗಟ್ಟಲೆ ಓದಬೇಕು ಎಂದು ಹೇಳಿದರು. ಸಿಸ್ಟರಿಗೆ ಆ ಶಬ್ದ ಬಹಳ ಹಿಡಿಸಿತು. ವಾರವಿಡೀ ಬಂದವರಿಗೆಲ್ಲ, “ನಾನು ಯಾರು ಗೊತ್ತೈತೇನು? ಪೊಡಿಯಾಟ್ರಿ!” ಎಂದರು. ಬಾಗಿಲಿಗೆ ಬೋರ್ಡು ಬರೆಸುತ್ತೇನೆ ಎಂದು ಹಟ ಹಿಡಿದರು. “ಡಿಗ್ರಿ ಇಲ್ಲದೆ ಬೋರ್ಡು ಹಾಕಿದರೆ ನನ್ನ ಬೋರ್ಡೂ ತೆಗೀತಾರೆ ಸಿಸ್ಟರ್,” ಎಂದು ಡಾಕ್ಟರು ಕೈಮುಗಿದರು. ಕೊನೆಗೆ ‘ಪಾದ ವಿಭಾಗ’ ಎಂದು ಬರೆಸಿಕೊಂಡು ಸಮಾಧಾನಪಟ್ಟರು.

ಅವರ ಜೊತೆ ಯಾವುದಾದರೂ ಮನೆಯ ಕಾರ್ಯಕ್ಕೆ ಹೋಗುವುದೆಂದರೆ ಮಾನ ಉಳಿಸಿಕೊಳ್ಳುವುದೇ ಕಷ್ಟ. ಡಾಕ್ಟರ ಹೊಸ ಮನೆಯ ಒಕ್ಕಲಿನ ದಿನ ಪೂಜೆ ಮುಗಿದು ಎಲ್ಲರೂ ಸಾಲಾಗಿ ದೇವರಿಗೆ ಅಡ್ಡಬೀಳುತ್ತಿದ್ದರು. ಸಿಸ್ಟರ್ ಎಲ್ಲರಿಗಿಂತ ಹಿಂದೆ, ಕಂಬಕ್ಕೆ ಒರಗಿ ನಿಂತಿದ್ದರು. ನೀವೂ ಮುಂದೆ ಬನ್ನಿ ಎಂದರೆ ಬರಲಿಲ್ಲ.

“ಇಲ್ಲೇ ಛಲೋ ಐತಿ ಅಕ್ಕೋರ. ಮನಿಶಾ ಅಡ್ಡ ಬಿದ್ದಾಗ ಅಂಗಾಲು ಎಷ್ಟು ಛಂದ ಕಾಣ್ತಾವ ನೋಡ್ರಿ. ಆ ಹಳದಿ ಪಂಚೆಯವ್ರಿಗೆ ಹಿಮ್ಮಡಿ ಒಡದಾವ. ಅವರ ಬಾಜೂ ಇದ್ದವ್ರಿಗೆ ಶುಗರ್ ಐತಿ, ಬರಕೊಡ್ತೀನಿ ಬೇಕಾದ್ರ.”

ಹಳದಿ ಪಂಚೆಯವರು ಸಹ ಕೇಳಿಸಿಕೊಂಡರು. ಅವರ ಬಾಜೂ ಇದ್ದವರು ಕೇಳಿಸದವರಂತೆ ಎದ್ದು ಹೋದರು, ಆದರೆ ಮುಂದಿನ ವಾರ ಕ್ಲಿನಿಕ್ಕಿನ ಬೆಂಚಿನ ಮೇಲೆ ಇದ್ದರು. ಸಿಸ್ಟರ್ ಹೇಳಿದ್ದು ಸರಿಯಿತ್ತು. ಪ್ರತಿ ಸಲವೂ ಸರಿ ಇರುತ್ತಿತ್ತು ಅಂತೇನಲ್ಲ. ಯಲ್ಲಾಪುರದ ಒಬ್ಬರಿಗೆ ಹೀಗೆಯೇ ಶುಗರ್ ಎಂದು ಹೆದರಿಸಿ, ಪರೀಕ್ಷೆಯಲ್ಲಿ ಏನೂ ಇಲ್ಲವೆಂದಾಗ, “ಮುಂದ ಬರ್ತೈತಿ ತಗೊಳ್ರಿ,” ಎಂದು ಜಾರಿಕೊಂಡಿದ್ದರು.

ಇಷ್ಟೆಲ್ಲ ತಮಾಷೆ ಮಾಡುವ ನಾನು ಅವರ ಎದುರು ಕಣ್ಣೀರು ಹಾಕಿ ನಿಂತದ್ದು ನನ್ನ ಮಾವನಿಂದಾಗಿ.

ಮಾವ ಎಂದರೆ ಅಮ್ಮನ ಅಣ್ಣ. ಮತ್ತಿಘಟ್ಟದವನು, ಮದುವೆ ಮುಂಜಿಗಳ ಅಡುಗೆ ಭಟ್ಟ. ಅವನ ಮಾವಿನಕಾಯಿಯ ಅಪ್ಪೆಹುಳಿಗೆ ಊಟ ಮುಗಿದ ಮೇಲೂ ಜನ ಎಲೆ ಬಿಟ್ಟು ಏಳುತ್ತಿರಲಿಲ್ಲ. ಆಳು ದೊಡ್ಡವನು, ನಡೆ ಮಾತ್ರ ಹಗುರ. ಉರಿಯುವ ಒಲೆಗಳ ನಡುವೆ ಬರಿಗಾಲಲ್ಲಿ ಸೌಟು ಹಿಡಿದು ಸರಿದಾಡುವುದನ್ನು ನೋಡುವುದೇ ಒಂದು ಚಂದ. ಸಿಹಿ ಪಾಕವನ್ನು ನಾಲಿಗೆಯ ಮೇಲೆ ಇಟ್ಟೇ ಹದ ನೋಡುವವನು. ಸಕ್ಕರೆ ಕಾಯಿಲೆ ಬಂದ ಮೇಲೂ ಅದನ್ನು ಬಿಡಲಿಲ್ಲ. “ಆನು ತಿಂಬುದಲ್ಲ ತಂಗೀ, ನೋಡುದು,” ಎನ್ನುತ್ತಿದ್ದ. ಅವನಿಗೆ ಸಣ್ಣ ಹೆಣ್ಣುಮಕ್ಕಳೆಲ್ಲ ತಂಗಿಯರೇ.

ಒಂದು ಮದುವೆಮನೆಯಲ್ಲಿ ಜಿಲೇಬಿ ಕರಿಯುತ್ತಿದ್ದಾಗ ಯಾರೋ, ಸೀದ ವಾಸನೆ ಬರುತ್ತಿದೆ ಎಂದರು. ಮಾವ ಗಡಿಬಿಡಿಯಿಂದ ಪಕ್ಕದ ಒಲೆಯ ಪಾಯಸ ಕೆದಕಿ ನೋಡಿದ, ತಳ ಹಿಡಿದಿರಲಿಲ್ಲ. ಸಾರಿನ ಕೊಪ್ಪರಿಗೆ ನೋಡಿದ, ಅದೂ ಸರಿಯಿತ್ತು. ವಾಸನೆ ಹೋಗಲಿಲ್ಲ. ಕೊನೆಗೆ ನೀರು ತರುವ ಹೆಂಗಸು ಕಿರುಚಿದಳು. ಮಾವ ಬಲಗಾಲಿನಲ್ಲಿ ಒಂದು ಕೆಂಡವನ್ನು ತುಳಿದುಕೊಂಡು ನಿಂತಿದ್ದ. ಅವನಿಗೆ ಗೊತ್ತೇ ಆಗಿರಲಿಲ್ಲ.

ಇದನ್ನು ಅವನು ಮನೆಯಲ್ಲಿ ಹೇಳಲಿಲ್ಲ. ಅರಿಶಿನ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಆ ಹಂಗಾಮಿನ ಮದುವೆಗಳನ್ನೆಲ್ಲ ಮುಗಿಸಿದ. ನನಗೆ ಗೊತ್ತಾಗುವ ಹೊತ್ತಿಗೆ ಹೆಬ್ಬೆರಳಿನ ಬುಡದಲ್ಲಿ ಅಂಗಾಲಿಗೆ ಒಂದು ತೂತು, ಕಾಲು ಊದಿ ಕಂಬ, ಮೈಮೇಲೆ ಜ್ವರ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ನೋಡಿ, ಮೊಣಕಾಲಿನ ಕೆಳಗೆ ತೆಗೆಯಬೇಕಾದೀತು ಎಂದರು. ಅವರದೂ ತಪ್ಪಲ್ಲ, ಕಾಲು ಇದ್ದದ್ದೇ ಹಾಗೆ. ಮಾವ ಜ್ವರ ಇಳಿಯುವ ತನಕ ಅಲ್ಲಿದ್ದು, ಕೊಯ್ಯಿಸಿಕೊಳ್ಳಲು ದಿನ ಕೊಟ್ಟಾಗ, ಮನೆಗೆ ಹೋಗಿ ಬರುತ್ತೇನೆ ಎಂದು ಎದ್ದು ಬಂದ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಹತ್ತಿರ ಕೇಳಿದ:

“ಒಂದೇ ಕಾಲಲ್ಲಿ ನಿಂತು ಪಾಕ ನೋಡಲೆ ಆಗ್ತನಾ ತಂಗೀ?”

ನಾನು ಅವನನ್ನು ಮನೆಗೆ ಬಿಡದೆ ನೇರ ಹಿಂದಿನ ಕೋಣೆಗೆ ಕರೆದೊಯ್ದೆ. ಅಲ್ಲಿ ಮೊದಲ ಜಗಳ ಶುರುವಾದದ್ದು ಕಾಲು ಕೊಡುವ ವಿಷಯಕ್ಕೇ. ವಯಸ್ಸಿನಲ್ಲಿ ತನಗಿಂತ ದೊಡ್ಡ ಹೆಂಗಸು ನೆಲದ ಮೇಲೆ ಕೂತು ತನ್ನ ಪಾದ ಹಿಡಿಯುವುದೆಂದರೆ ಮಾವನಿಗೆ ಜೀವ ಹೋದಷ್ಟಾಯಿತು. ಕಾಲು ಹಿಂದಕ್ಕೆ ಎಳೆದುಕೊಂಡ.

“ನೀವು ದೊಡ್ಡವರು, ಹೀಗೆ ಮುಟ್ಟಬಾರದು.”

“ಹೌದ್ರಿ ಭಟ್ರ, ಹಂಗಾರ ನೀವ ಕೆಳಗ ಕುಂಡ್ರಿ, ನಾ ಮ್ಯಾಲ ಕುಂಡ್ರತೀನಿ. ಕಾಲು ಮಾತ್ರ ಮ್ಯಾಲಕ್ಕ ಎತ್ತಿ ಕೊಡ್ರಿ.”

ಅದು ಹೇಗೆ ಸಾಧ್ಯ ಎಂದು ಮಾವ ಯೋಚಿಸುವುದರೊಳಗೆ ಕಾಲು ಅವರ ತೊಡೆಯ ಮೇಲಿತ್ತು. ಬಹಳ ಹೊತ್ತು ನೋಡಿದರು. ಸಣ್ಣ ಸಲಾಕೆಯಿಂದ ಹುಣ್ಣಿನ ಆಳ ಮುಟ್ಟಿ ನೋಡಿದರು. ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿದರು. ಮಾವ ಆರಾಮವಾಗಿ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ. “ನೋವೇ ಇಲ್ಲೆ,” ಎಂದು ನನಗೆ ಸಮಾಧಾನ ಹೇಳಿದ. ಸಿಸ್ಟರಿಗೆ ಆ ಮಾತು ಕೇಳಿ ರೇಗಿತು. “ನೋವು ಇದ್ದಿದ್ರ ನೀ ಯಾವಾಗೋ ಬರ್ತಿದ್ದಿ. ನೋವು ಇಲ್ಲ ಅನ್ನೂದಕ್ಕೇ ಈ ಗತಿ ಬಂದೈತಿ!” ಅಂದರು. ಆಮೇಲೆ ಡಾಕ್ಟರನ್ನು ಕರೆದರು. ಇಬ್ಬರೂ ಹೊರಗೆ ಹೋಗಿ ಮಾತಾಡಿಕೊಂಡರು. ಬಾಗಿಲ ಸಂದಿಯಿಂದ ಎಲ್ಲ ಕೇಳುತ್ತಿತ್ತು. ರಕ್ತ ಚೆನ್ನಾಗಿ ಹರಿಯುತ್ತಿದೆ, ಎಲುಬಿಗೆ ಇನ್ನೂ ತಾಗಿಲ್ಲ, ಒಂದು ಕೈ ನೋಡೋಣ ಎಂದು ಸಿಸ್ಟರ್. ನೋಡೋಣ, ಆದರೆ ಜ್ವರ ಬಂತೋ, ಕೆಂಪು ಮೇಲೇರಿತೋ, ಅವತ್ತೇ ಹುಬ್ಬಳ್ಳಿ, ಹಟ ಮಾಡುವ ಹಾಗಿಲ್ಲ ಎಂದು ಡಾಕ್ಟರು. ಸಿಸ್ಟರ್ ಒಪ್ಪಿದರು. ನನಗೆ ಅಳು ತಡೆಯಲಿಲ್ಲ. ಒಳಗೆ ಬಂದ ಸಿಸ್ಟರ್, “ಅಳಬ್ಯಾಡ, ನೀರು ಬಿದ್ರ ಪ್ಲಾಸ್ಟರ್ ಹಸಿ ಆಗ್ತೈತಿ,” ಎಂದರು.

ಪ್ಲಾಸ್ಟರ್! ಕಾಲು ಮುರಿದಿಲ್ಲವಲ್ಲ ಎಂದು ನಾವಿಬ್ಬರೂ ಬಾಯಿ ಬಿಟ್ಟೆವು. ಹುಣ್ಣನ್ನು ಚೊಕ್ಕ ಮಾಡಿ, ಪಾದದಿಂದ ಮೀನಖಂಡದವರೆಗೆ ಮೈಗೆ ಅಂಟಿದ ಹಾಗೆ ಪ್ಲಾಸ್ಟರ್ ಸುತ್ತುವುದು. ಆಗ ಮೈಯ ಭಾರ ಆ ತೂತಿನ ಮೇಲೊಂದೇ ಬೀಳದೆ ಇಡೀ ಕಾಲಿಗೆ ಹಂಚಿಹೋಗುತ್ತದೆ, ಹುಣ್ಣಿಗೆ ಮಾಯಲು ಬಿಡುವು ಸಿಗುತ್ತದೆ. ಕುಷ್ಠದವರ ಪಾದಕ್ಕೆ ಅವರು ವರ್ಷಾನುಗಟ್ಟಲೆ ಮಾಡಿದ್ದು ಇದನ್ನೇ. ಆಗಾಗ ಬಿಚ್ಚಿ ನೋಡಿ ಹೊಸದು ಹಾಕಬೇಕು. ಕಮ್ಮಿ ನಡೆಯಬೇಕು. ನೀರು ಸೋಕಿಸಬಾರದು. ಎಲ್ಲವನ್ನೂ ಮಾವನಿಗೆ ಬಿಡಿಸಿ ಹೇಳಿ, ಅವನ ಬಾಯಿಂದಲೇ ತಿರುಗಿ ಹೇಳಿಸಿ, ಕಳಿಸಿಕೊಟ್ಟರು.

ಮತ್ತಿಘಟ್ಟದ ಮನೆಯ ಮೆಟ್ಟಿಲ ಬಳಿ ಯಾವಾಗಲೂ ಒಂದು ಬಕೆಟ್ಟು, ಒಂದು ಚೊಂಬು. ಹೊರಗಿನಿಂದ ಬಂದವರು ಕಾಲು ತೊಳೆಯದೆ ಒಳಗೆ ಹೋಗುವ ಪದ್ಧತಿ ಇಲ್ಲ. ನಾನು ಹಿಂದೆ ಚೀಲ ಹಿಡಿದು ಬರುತ್ತಿದ್ದೆ. ಮಾವ ಮೆಟ್ಟಿಲಿಗೆ ಬಂದ, ಚೊಂಬು ಎತ್ತಿದ, ಎಡಗಾಲಿಗೆ ನೀರು ಹಾಕಿದ, ಬಲಗಾಲಿಗೂ ಹಾಕಿದ. ಸಾಲದೆಂದು ಇನ್ನೊಂದು ಚೊಂಬು ಹಾಕಿ, ಎಡಗಾಲಿನಿಂದ ಪ್ಲಾಸ್ಟರನ್ನು ಚೆನ್ನಾಗಿ ತಿಕ್ಕಿದ. ನಾನು ಕೂಗುವುದರೊಳಗೆ ಒಳಗೆ ಹೋಗಿಯೂ ಆಗಿತ್ತು. ಜಗಲಿಯಿಂದ ಅಡುಗೆಮನೆಯವರೆಗೆ ಬಿಳಿ ಹೆಜ್ಜೆ.

“ಯೇ ರಾಮಾ, ಇದೆಂತ ಮಾಡ್ಕ್ಯಂಡ್ರಿ?” ಎಂದು ಅತ್ತೆ ಓಡಿ ಬಂದಳು.

ಮಾವ ಕಾಲು ನೋಡಿಕೊಂಡ. “ಕಾಲು ತೊಳದ್ನಲೇ, ಮತ್ತೆಂತ?” ಎಂದ.

ಮರುದಿನ ಸಿಸ್ಟರ್ ಆ ಹಿಟ್ಟಿನ ಮುದ್ದೆಯನ್ನು ನೋಡಿದರು. ಮಾವ ನಡೆದದ್ದನ್ನು ಹೇಳಿದ. ಸಿಟ್ಟಿನಿಂದ ಎದ್ದು ನಿಂತವರು ಹಾಗೇ ಗೋಡೆ ಹಿಡಿದು ನಗಲು ಶುರು ಮಾಡಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಹೊಸ ಪ್ಲಾಸ್ಟರ್ ಹಾಕಿ, ಅತ್ತೆಗೆ ಹೇಳಿ ಆ ಬಕೆಟ್ಟನ್ನು ಮೆಟ್ಟಿಲಿನಿಂದ ಎತ್ತಿಸು ಎಂದು ನನಗೆ ಹೇಳಿದರು. ಅತ್ತೆ ಅದಕ್ಕೂ ಒಳ್ಳೆಯ ಉಪಾಯ ಮಾಡಿದಳು. ಬಕೆಟ್ಟು ತೆಗೆದು, ಮಾವ ಬಂದ ಕೂಡಲೇ ತುಳಸಿ ನೀರನ್ನು ತಲೆಯ ಮೇಲೆ ಪ್ರೋಕ್ಷಣೆ ಮಾಡಿ, “ಆತು, ಕಾಲೂ ತೊಳದ ಹಾಂಗೇ, ಒಳಗೆ ಬನ್ನಿ,” ಎಂದಳು. ಮಾವನಿಗೂ ಮನಸ್ಸಿಗೆ ಹಗುರವಾಯಿತು.

ಊರವರದು ಇನ್ನೊಂದು ಕಾಟ. ಎಲ್ಲಿ ಬಿದ್ದೆ, ಹ್ಯಾಂಗೆ ಬಿದ್ದೆ ಎಂದು ಬಂದವರೆಲ್ಲ ಕೇಳುವರು. ಬಿದ್ದಿಲ್ಲ, ಮುರಿದಿಲ್ಲ ಎಂದರೆ ಮತ್ತೆ ಪ್ಲಾಸ್ಟರ್ ಎಂತಕ್ಕೆ? ಹೇಳಿ ಹೇಳಿ ಬೇಸತ್ತ ಮಾವ ಕತೆ ಕಟ್ಟತೊಡಗಿದ. ಒಬ್ಬರಿಗೆ ಹಲಸಿನ ಮರದಿಂದ ಬಿದ್ದ, ಇನ್ನೊಬ್ಬರಿಗೆ ಬೈಕಿನಿಂದ, ಮತ್ತೊಬ್ಬರಿಗೆ ಯಾರದೋ ಮನೆಯ ಅಟ್ಟದಿಂದ. ಮೂವರೂ ಒಂದೇ ದಿನ ನೋಡಲು ಬಂದು ಜಗಲಿಯಲ್ಲಿ ಎದುರಾದಾಗ ಮಾವ ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ.

ಪ್ಲಾಸ್ಟರು ಬಿಚ್ಚಿದಾಗಲೆಲ್ಲ ತೂತು ಸಣ್ಣದಾಗಿರುತ್ತಿತ್ತು. ನಡುವೆ ಒಮ್ಮೆ ಜ್ವರ ಬಂತು. ಡಾಕ್ಟರು ಹುಬ್ಬಳ್ಳಿಯ ಮಾತೆತ್ತಿದರು, ಅತ್ತೆ ದೇವರ ಮುಂದೆ ಕೂತುಬಿಟ್ಟಳು. ಪ್ಲಾಸ್ಟರು ಬಿಚ್ಚಿ ನೋಡಿದರೆ ಹುಣ್ಣು ಕೆಂಪಗೆ, ಚೊಕ್ಕವಾಗಿತ್ತು. ಜ್ವರ ನೆಗಡಿಯದ್ದಾಗಿತ್ತು. ಮಳೆಗಾಲ ಕಳೆದು ಒಂದು ದಿನ ಬಿಚ್ಚಿದಾಗ ಅಂಗಾಲಿನ ತೂತು ಕೂಡಿತ್ತು. ಸಿಸ್ಟರ್ ಕ್ಲಿನಿಕ್ಕಿನಲ್ಲಿ ಕೂತಿದ್ದ ಎಲ್ಲ ರೋಗಿಗಳನ್ನೂ ಒಳಗೆ ಕರೆದು ಆ ಪಾದ ತೋರಿಸಿದರು. ಗಂಟಲು ನೋವಿಗೆ ಬಂದವರು ಸಹ ನೋಡಿ ಹೋಗಬೇಕಾಯಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ ನಿಜವಾದ ಕದನ ಇದ್ದದ್ದು ಮುಂದೆ. ಸಿಸ್ಟರ್ ಬಸ್ ಸ್ಟ್ಯಾಂಡಿನ ಬಳಿಯ ಚಪ್ಪಲಿ ಹೊಲಿಯುವವರಿಂದ ಮೆತ್ತನೆ ರಬ್ಬರಿನ, ಮುಂದೆ ಅಗಲವಾದ ಒಂದು ಜೋಡು ಮಾಡಿಸಿ ತಂದಿದ್ದರು. ಇನ್ನು ಮೇಲೆ ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದು, ಅಡುಗೆಮನೆಯಲ್ಲೂ ಇಡಬಾರದು ಎಂದರು.

ಮಾವ ಚಪ್ಪಲಿಯನ್ನು ನೋಡಿದ. ನಂತರ ಬಹಳ ಮೆತ್ತಗೆ ಹೇಳಿದ: “ಒಲೆ ಎದುರು ಚಪ್ಪಲಿ ಹಾಕಿ ನಿಲ್ಲೋದು ನನ್ನಿಂದ ಆಗೋದಿಲ್ಲ, ಸಿಸ್ಟರ್. ಮಡಿಯಲ್ಲಿ ಅಡುಗೆ ಮಾಡೋವನು ನಾನು. ದೇವರ ನೈವೇದ್ಯ, ಮಂದಿ ಊಟ, ಎಲ್ಲಾ ಅದೇ ಒಲೆ ಮೇಲೆ. ಯಾರು ಕರೀತಾರೆ ಆಮೇಲೆ ನನ್ನ?”

“ಹಂಗಾರ ಒಲಿ ಬಿಡ್ರಿ.”

“ಅದೂ ಆಗೋದಿಲ್ಲ.”

“ಬರಿಗಾಲಲೆ ನಿಂತ್ರ ಮತ್ತ ತೂತು ಬೀಳ್ತೈತಿ ಭಟ್ರ. ಈ ಸರ್ತಿ ಕಾಲು ಉಳಿಯೂದಿಲ್ಲ. ನಾನು ಸುಳ್ಳು ಹೇಳಂಗಿಲ್ಲ.”

ಬೈಗುಳದ ಮಳೆ ಸುರಿಯುತ್ತದೆ ಎಂದು ನಾನು ಕಾದೆ. ಸಿಸ್ಟರ್ ಬೈಯಲಿಲ್ಲ. ಮುಂದಿನ ಮದುವೆ ಎಲ್ಲಿ ಎಂದು ಕೇಳಿದರು, ಅಷ್ಟೇ. ಹುಲಗೋಳದಲ್ಲಿ ಎಂದ ಮಾವ.

ಹುಲಗೋಳದ ಆ ಮದುವೆಗೆ ನಮಗೂ ಕರೆಯಿತ್ತು, ಸಿಸ್ಟರಿಗೆ ಇರಲಿಲ್ಲ. ಆದರೂ ಬಂದರು. ಬಿಳಿ ಸೀರೆ ಬಿಟ್ಟು ಇಳಕಲ್ ಸೀರೆ ಉಟ್ಟು, ಬಗಲಲ್ಲಿ ಹೊಸ ಬಟ್ಟೆಚೀಲ. ಅಡುಗೆಚಪ್ಪರದ ಒಳಗೆ ಕಾಲಿಡಲಿಲ್ಲ, ಅಷ್ಟು ರೀತಿ ನೀತಿ ಬಲ್ಲವರು. ಚಪ್ಪರದ ಹೊರಗೆ ಬಾಳೆಎಲೆ ಒರೆಸುವವರ ಜೊತೆ ಕೂತು, ಮಾವನ ಪಾದದ ಮೇಲೆ ಕಣ್ಣು ನೆಟ್ಟರು. ಮಾವ ಬರಿಗಾಲಲ್ಲಿದ್ದ. ನೆಲದಲ್ಲಿ ಕೆಂಡ, ಸಿಡಿದ ಎಣ್ಣೆ, ತೆಂಗಿನ ಚಿಪ್ಪಿನ ಚೂರು.

ಆ ಮನೆಯ ಹಿರಿಯ ಅಜ್ಜಿ ಅಡುಗೆ ನೋ‌ಡಲು ಬಂದರು. ಮಡಿಯಲ್ಲಿ ಅವರಿಗೆ ಎದುರಾಡುವವರು ಆ ಸೀಮೆಯಲ್ಲೇ ಇರಲಿಲ್ಲ. ಅಪರಿಚಿತ ಹೆಂಗಸು ಅಡುಗೆಭಟ್ಟನ ಕಾಲನ್ನೇ ದುರುಗುಟ್ಟಿ ನೋಡುತ್ತಿರುವುದು ಅವರ ಕಣ್ಣಿಗೆ ಬಿತ್ತು. ಏನೆಂದು ಕೇಳಿದರು. ಸಿಸ್ಟರ್ ಎದ್ದು ನಿಂತು, ಕೆಂಡ ತುಳಿದದ್ದರಿಂದ ಹಿಡಿದು ಎಲ್ಲ ಹೇಳಿ, ಚೀಲದಿಂದ ಚಪ್ಪಲಿ ತೆಗೆದು ತೋರಿಸಿದರು. ಚಪ್ಪಲಿ ಕಂಡದ್ದೇ ಅಡುಗೆಯವರ ಕೈ ನಿಂತಿತು. ಮಾವನ ಮುಖ ಕಪ್ಪಿಟ್ಟಿತು. ಅವನ ಜೀವಮಾನದ ಮರ್ಯಾದೆ ಆ ಅಜ್ಜಿಯ ಬಾಯಲ್ಲಿತ್ತು.

“ಅದ್ರಲ್ಲಿ ಚರ್ಮ ಇದ್ದಾ?” ಎಂದು ಕೇಳಿದರು ಅಜ್ಜಿ.

“ಇಲ್ರಿ ಆಯಿ, ಬರೇ ರಬ್ಬರ್. ಹೊಸಾದು, ನೆಲಕ್ಕ ಇಟ್ಟಿಲ್ಲ.”

ಅಜ್ಜಿ ಮಗನ ಕಡೆ ತಿರುಗಿದರು. ಆ ವರ್ಷ ಮದುವೆಗೆಂದು ಮಗ ಕಟ್ಟಿಗೆ ಒಲೆಗಳ ಜೊತೆ ದೊಡ್ಡ ಗ್ಯಾಸ್ ಒಲೆಯನ್ನೂ ತರಿಸಿದ್ದ.

“ತಮಾ, ನಿನ್ನ ಗ್ಯಾಸಿನ ಪೈಪು ಎಂತರದ್ದು?”

“ಅದೂ ರಬ್ಬರೇ ಆಯಿ.”

“ಅದು ಒಲೆವರೆಗೆ ಹೋದ್ರೆ ಮಡಿ, ಇವನ ಕಾಲಡಿಗೆ ಇದ್ರೆ ಮೈಲಿಗೆನಾ? ಸುಮ್ಮಂಗಿರಿ ಎಲ್ಲ.” ಚೊಂಬಿನಿಂದ ಒಂದು ಉದ್ಧರಣೆ ನೀರನ್ನು ಚಪ್ಪಲಿಯ ಮೇಲೆ ಬಿಟ್ಟು, ಮಾವನಿಗೆ, “ಹಾಕ್ಯ. ಅಪ್ಪೆಹುಳಿಗೆ ಉಪ್ಪು ಕಮ್ಮಿ ಆಜು, ನೋಡು,” ಎಂದರು.

ಮಾವ ಹಾಕಿಕೊಂಡ. ಹೊರಗೆ ಸಿಸ್ಟರ್ ಎಲೆ ಒರೆಸುವ ಬಟ್ಟೆಯಿಂದ ಮುಖ ಒರೆಸಿಕೊಂಡರು. ಮೊದಲ ಪಂಕ್ತಿಯಲ್ಲೇ ಕೂತು ಮೂರು ಸಲ ಅಪ್ಪೆಹುಳಿ ಬಡಿಸಿಕೊಂಡರು.

ಆಮೇಲೆ ಅದು ‘ಒಲೆ ಚಪ್ಪಲಿ’ ಎಂದೇ ಆಯಿತು. ಅಡುಗೆಯ ಸಾಮಾನಿನ ಜೊತೆ ಬೇರೆ ಚೀಲದಲ್ಲಿ ಬರುತ್ತಿತ್ತು. ಚಪ್ಪರದ ಹೊರಗೆ ಅದನ್ನು ಹಾಕಿಕೊಂಡು ಹೋಗುವಂತಿಲ್ಲ, ಬೇರೆ ಯಾರೂ ಮುಟ್ಟುವಂತಿಲ್ಲ. ಮಾವ ಅದಕ್ಕೂ ಮಡಿ ಮಾಡಿಬಿಟ್ಟ. ಶುಗರ್ ಇದ್ದ ಇನ್ನಿಬ್ಬರು ಭಟ್ಟರು ಬಂದು ತಮಗೂ ಒಂದು ಜೋಡು ಬೇಕು ಎಂದಾಗ ಸಿಸ್ಟರಿನ ಜಂಬ ನೋಡಬೇಕಿತ್ತು. ಡಾಕ್ಟರು, “ನಿಮಗಿಂತ ಆ ಅಜ್ಜಿ ದೊಡ್ಡ ಪೊಡಿಯಾಟ್ರಿ,” ಎಂದು ಚುಡಾಯಿಸಿದರೆ ಎರಡು ದಿನ ಮಾತು ಬಿಟ್ಟಿದ್ದರು.

ಮಾವ ಆಮೇಲೆ ಎಷ್ಟೋ ವರ್ಷ ಅಡುಗೆ ಮಾಡಿದ. ಹೋದದ್ದು ಹೃದಯಾಘಾತದಿಂದ. ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ. ಸಿಸ್ಟರ್ ಆಗಲೇ ಕೋಣೆಯ ಬಾಗಿಲು ಹಾಕಿ, ಹಾನಗಲ್ಲಿನ ತಮ್ಮನ ಮನೆ ಸೇರಿದ್ದರು. ಅವರಿಗೂ ಮೊಣಕಾಲು ಸೋತಿತ್ತು. ತಿಳಿಸಬೇಕೆಂದು ಫೋನು ಮಾಡಿದೆ, ಬರುತ್ತಾರೆ ಎಂದುಕೊಂಡಿರಲಿಲ್ಲ. ಮರುದಿನ ಬೆಳಿಗ್ಗೆ, ದೂರದಿಂದ ಬರುವ ಮಾವನ ಮಗನಿಗಾಗಿ ನಾವೆಲ್ಲ ಕಾಯುತ್ತಿರುವಾಗ, ಸಿಸ್ಟರ್ ತಮ್ಮನ ಮಗನ ತೋಳು ಹಿಡಿದು ಅಂಗಳಕ್ಕೆ ಬಂದರು.

ಮಾವನನ್ನು ಜಗಲಿಯಲ್ಲಿ ಮಲಗಿಸಿದ್ದರು. ಹಿರಿಯರೊಬ್ಬರು ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಲು ದಾರ ಹಿಡಿದು ಬಗ್ಗಿದ್ದರು. “ಒಂದೀಟು ನಿಂದರ್ರಿ,” ಎಂದರು ಸಿಸ್ಟರ್. ಮುಖದ ಹತ್ತಿರ ಹೋಗಲಿಲ್ಲ. ಕಷ್ಟಪಟ್ಟು ನೆಲಕ್ಕೆ ಕೂತು, ಕನ್ನಡಕ ಹಾಕಿಕೊಂಡು, ಪಂಚೆ ಸರಿಸಿದರು. ಎಡಗಾಲು ನೋಡಿದರು. ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳಿನ ಬುಡದ ಹಳೆಯ ಕಲೆಯ ಮೇಲೆ ಬೆರಳು ಆಡಿಸಿದರು. ಒಂದು ಗೀರೂ ಇರಲಿಲ್ಲ. ಅಲ್ಲಿಯ ತನಕ ಬಾರದ ಅಳು ನನಗೆ ಆಗ ಬಂತು. ಎರಡೂ ಪಾದಗಳನ್ನು ಒಂದರ ಪಕ್ಕ ಒಂದು ಸರಿಯಾಗಿ ಜೋಡಿಸಿಟ್ಟು, ಸಿಸ್ಟರ್ ದಾರ ಹಿಡಿದವರ ಕಡೆ ನೋಡಿದರು.

“ಎರಡೂ ಅದಾವ. ಈಗ ಕಟ್ರಿ.”